ಮೊದಲನೆಯ ತಟ್ಟೆ ಬೇಕಿತ್ತು

ಹಳೆಯದು ತಂದಿದ್ದೀರಾ, ಎಂದಳು ಡಾಕ್ಟರ್ ಖಾತುನಾ,
ಆಪರೇಷನ್ ಆದ ಮೇಲಿನ ಮೊಟ್ಟಮೊದಲನೆಯದು.
ಮಿಕ್ಕ ನಾಲ್ಕು ಇದ್ದವು ನನ್ನ ಚೀಲದಲ್ಲಿ,
ಬ್ರೆಡ್ಡಿನ ಜೊತೆ, ಟವೆಲ್ಲಿನಲ್ಲಿ ಸುತ್ತಿ.
ಮೊದಲನೆಯದು ಎಲ್ಲಿದೆಯೆಂದು ನನಗೆ ಗೊತ್ತಿತ್ತು.
ಹೇಳಲಿಲ್ಲ.

ಖಶೂರಿಯಲ್ಲಿ, ನಮ್ಮ ಹಿತ್ತಿಲ ಚೆರಿ ಮರದಲ್ಲಿ,
ಮೂರನೆಯ ಕೊಂಬೆಗೆ ದಾರ ಕಟ್ಟಿ
ನಾನೇ ತೂಗುಹಾಕಿದ್ದೆ, ಕಬ್ಬಕ್ಕಿ ಬೆದರಲೆಂದು.
"ಏನೂ ಇಲ್ಲ" ಎಂದು ಬರೆದುಕೊಟ್ಟಿದ್ದರಲ್ಲ ಆಗ;
ಏನೂ ಇಲ್ಲದ್ದನ್ನು ಬೀರುವಿನಲ್ಲಿಟ್ಟು ಏನು ಮಾಡುವುದು?
ತೆಗೆದದ್ದು ಕುತಾಯಿಸಿಯಲ್ಲಿ. ಆ ಕೇಂದ್ರ ಬಾಗಿಲು ಹಾಕಿ
ಈಗ ಅಲ್ಲಿ ಟೈಲ್ಸ್ ಅಂಗಡಿ.

ಅಂಜೋರ್ ಮೂವತ್ತೊಂದು ವರ್ಷ ರೈಲಿನ ಗಾಲಿ ಬಡಿದವನು.
ಉದ್ದ ಹಿಡಿಯ ಸುತ್ತಿಗೆ, ರಾತ್ರಿ ಪಾಳಿ, ಹಿಮ.
ಟಣ್ ಅಂದರೆ ಗಟ್ಟಿ, ಟಪ್ ಅಂದರೆ ಬಿರುಕು;
ನಡುವೆ ಇನ್ನೊಂದು ಸದ್ದು ಅವನು ಕೇಳಿದ್ದಿಲ್ಲ.
ಇಲ್ಲಿ ಅವನನ್ನೇ ಮಲಗಿಸಿ ಉಂಗುರದೊಳಗೆ ತಳ್ಳುತ್ತಾರೆ:
ಉಸಿರು ಎಳೆದುಕೊಳ್ಳಿ, ಹಿಡಿಯಿರಿ, ಬಿಡಿ.
ತೋಳಿಗೆ ಬಿಟ್ಟ ಬಣ್ಣ ಬಿಸಿಯಾಗಿ ಇಳಿಯುವಾಗ
ಪ್ರತಿ ಸಲವೂ ಉಚ್ಚೆ ಹೊಯ್ದುಕೊಂಡೆ ಅನ್ನಿಸುತ್ತದಂತೆ,
ಪ್ರತಿ ಸಲವೂ ಹೊರಬಂದು ಮೊದಲು
ಪ್ಯಾಂಟು ಮುಟ್ಟಿ ನೋಡಿಕೊಳ್ಳುತ್ತಾನೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಆದರೆ ಹೊಟ್ಟೆಯ ಹಿಂದೆ, ಬೆನ್ನಿನ ಕತ್ತಲಿಗೆ ಆತು
ಮಲಗಿದ್ದ ಮೇದೋಜೀರಕ,
ಅದರ ತಲೆ ಕತ್ತರಿಸಿ ಉಳಿದ ಬಾಲ ಕರುಳಿಗೆ ಹೊಲಿದು
ಒಂದೂವರೆ ವರ್ಷ.
ಅಲ್ಲಿಗೆ ಕನ್ನಡಿ ಹಿಡಿಯಬೇಕು ಮೂರು ತಿಂಗಳಿಗೊಮ್ಮೆ.
ಕನ್ನಡಿಯೂ ಮಂಜು.

ರಕ್ತನಾಳದ ಸುತ್ತ ಒಂದು ಬೂದು ತೋಳು, ನೋಡಿ.
ಒಂಬತ್ತು ಮಿಲಿಮೀಟರ್.
ಗಾಯ ಮಾಗಿದ ಗಂಟಿರಬಹುದು, ಅದೇ ಮರಳಿರಬಹುದು,
ಎರಡಕ್ಕೂ ಒಂದೇ ಬಣ್ಣ.
ರಕ್ತದ ಲೆಕ್ಕ ಇಪ್ಪತ್ತೊಂಬತ್ತಿದ್ದದ್ದು ನಲವತ್ತೊಂದು;
ಏನನ್ನಾದರೂ ಹೇಳುವಷ್ಟು ದೊಡ್ಡದಲ್ಲ,
ಸುಮ್ಮನಿರುವಷ್ಟು ಚಿಕ್ಕದೂ ಅಲ್ಲ.
ಮೊದಲನೆಯದರಲ್ಲೂ ಇದು ಇತ್ತೆಂದರೆ ಗಾಯ.
ಇರಲಿಲ್ಲವೆಂದರೆ...
ಖಾತುನಾ ಪೆನ್ನಿನ ಟೋಪಿ ಹುಡುಕತೊಡಗಿದಳು.

ಮರುದಿನ ಏಣಿ ಹತ್ತಿದೆ. ಅರವತ್ತಾರರ ಮೊಣಕಾಲು.
ಕಬ್ಬಕ್ಕಿಗಳು ಹಣ್ಣು ತಿಂದು ಮುಗಿಸಿ
ತಟ್ಟೆಯ ಮೇಲೇ ಹಿಕ್ಕೆ ಹಾಕಿದ್ದವು. ಎಂಥ ಹೆದರಿಕೆ!
ಬೇಲಿಯಾಚೆಯಿಂದ ತ್ಸಿಯಾಲಾ:
ಹಣ್ಣು ಮುಗಿದ ಮೇಲೆ ಏಣಿ ಯಾಕೆ?
ಒಂದು ಉಳಿದಿದೆ, ಎಂದೆ.
ಬಿಸಿನೀರು. ಕನ್ನಡಕದ ಬಟ್ಟೆ.
ಬಿಸಿಲಿಗೆ ಹಿಡಿದರೆ ಕಾಮನಬಿಲ್ಲು,
ನಡುವಿನ ತೂತಿನಲ್ಲಿ ವರಾಂಡದ ಅಂಜೋರ್,
ಊಟದ ಮಾತ್ರೆ ಎಣಿಸುತ್ತಾ:
ಸೂಪಿಗೆ ಎರಡು, ಹಂದಿಮಾಂಸವಾದರೆ ಮೂರು.
ತಟ್ಟೆ ಎಲ್ಲಿತ್ತೆಂದು ಅವನಿಗೆ ನಾನು ಹೇಳಿರಲಿಲ್ಲ.
ಅವನಿಗೆ ಗೊತ್ತಿತ್ತು. ಬೇಸಿಗೆಯಿಡೀ ಅದರ ಬೆಳಕು
ಮಂಚದ ಪಕ್ಕದ ಗೋಡೆಯ ಮೇಲೆ ಓಡಾಡುತ್ತಿತ್ತಂತೆ.

ಮತ್ತೆ ತ್ಬಿಲಿಸಿ. ಯಂತ್ರ ಗರ್ ಅಂದಿತು.
ಶ್ವಾಸಕೋಶದ ಬುಡ ಬಂತು, ಯಕೃತ್ತು ಬಂತು,
ಲೋಹದ ಕ್ಲಿಪ್ಪಿನ ಬಿಳಿ ಚುಕ್ಕಿಗಳು ಬಂದವು.
ನೂರ ಎಂಬತ್ತೆರಡನೆಯ ಚಿತ್ರ. ಆಮೇಲೆ ನಿಂತಿತು.
ಆ ಜಾಗ ನೂರ ತೊಂಬತ್ತರಲ್ಲಂತೆ.
ಎಂಟು ಹೋಳು ದೂರ.
ಕಬ್ಬಕ್ಕಿಗಳನ್ನು ಬೈದೆ, ಮನಸ್ಸಿನಲ್ಲೇ; ಆಮೇಲೆ ನನ್ನನ್ನು.
ಖಾತುನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಎಂಟು ವಾರ ಬಿಟ್ಟು ಬನ್ನಿ. ಬೆಳೆದರೆ ಗೊತ್ತಾಗುತ್ತದೆ.

ಬೆಳೆದರೆ ಗೊತ್ತಾಗುತ್ತದೆ:
ಮಕ್ಕಳ ಮೂಗು ಯಾರದೆಂದು ಕೇಳಿದರೆ
ನಾವೂ ಹಾಗೇ ಹೇಳುತ್ತಿದ್ದೆವು.

ಸಂಜೆಯ ಗಾಡಿ. ಗೋರಿ ದಾಟುವಾಗ ಅಂಜೋರ್ ಶೂ ಕಳಚಿ
ಅಂಗಾಲನ್ನು ನೆಲಕ್ಕೆ ಒತ್ತಿದ.
ಈ ಡಬ್ಬಿಯ ಎಡಗಾಲಿ ಒಂದು ಕಡೆ ಚಪ್ಪಟೆಯಾಗಿದೆ, ಎಂದ.
ಅಪಾಯವೇ?
ಸ್ವಲ್ಪ ಹೊತ್ತು ಕೇಳಿಸಿಕೊಂಡ.
ಖಶೂರಿಯ ತನಕ ಹೋಗುತ್ತದೆ, ಎಂದು
ಸುಲಿದ ಮೊಟ್ಟೆಗೆ ಕೈ ಚಾಚಿದ,
ಒಂದು ಮಾತ್ರೆ ಆಗಲೇ ಬಾಯಲ್ಲಿ.